ಐದನೇ ಲ್ಯಾಪಿನಲ್ಲಿ ಟೈರು ಹೇಗಿರುತ್ತದೆ?

ಟ್ರ್ಯಾಕ್ ಡೇ ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಅದರ ಟೈರಿನ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವುದರಲ್ಲಿ ಲ್ಯಾಪ್ ಬೇಗ ಮುಗಿಯುತ್ತದೆ? ಒಂದೇ ಒಂದು ಲ್ಯಾಪ್ ಜೋರಾಗಿ ಓಡುವ ಟೈರು ಹುಡುಕುವುದು ಕಷ್ಟವೇನಲ್ಲ. ನಾನು ಟೈರನ್ನು ತೂಗಿ ನೋಡುವುದು ಐದನೇ ಲ್ಯಾಪಿನಲ್ಲಿ. ಬಿಸಿ ಪೂರ್ತಿ ಏರಿದ ಮೇಲೂ ಅದು ಮೊದಲಿನ ಹಾಗೇ ಮಾತು ಕೇಳುತ್ತದಾ? ಸಂಜೆ ಮಳೆ ಬಂದರೆ ಅದರಲ್ಲೇ ಧೈರ್ಯವಾಗಿ ಮನೆಗೆ ಹೋಗಬಹುದಾ? ನನಗೆ ಬೇಕಿದ್ದ ಉತ್ತರ ಇವೆರಡೇ.

ನನ್ನದು ಹಗುರವಾದ ಹ್ಯಾಚ್‌ಬ್ಯಾಕ್, ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ. ಹೋಲಿಸಿದ್ದು ಟ್ರೆಡ್‌ವೇರ್ (ಸವೆತದ ನಂಬರ್, ಕಡಿಮೆಯಾದಷ್ಟು ಬೇಗ ಸವೆಯುತ್ತದೆ) 300ರ ಒಂದು ಸೆಟ್, 200ರ ಒಂದು ಸೆಟ್. ಕಂಪನಿ ಹೆಸರು ಬೇಡ. ಸೈಜು, ಕಾರು ಬದಲಾದರೆ ಅದೇ ಮಾಡೆಲ್ ಬೇರೆ ಥರ ನಡೆದುಕೊಳ್ಳುತ್ತದೆ. ಆದರೆ ಅಂದಾಜು ಸಿಗಲಿ ಅಂತ ಹೇಳುತ್ತೇನೆ: ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್ 300ರ ಗುಂಪು, ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಮತ್ತು ಯೊಕೊಹಾಮಾ ಎ052 ಎರಡೂ 200ರ ಗುಂಪು, ಟೊಯೊ ಆರ್888ಆರ್ 100.

ಈ ನಂಬರ್ ಅಮೆರಿಕದಲ್ಲಿ ಟೈರಿನ ಗುಣಮಟ್ಟ ಅಳೆಯುವ ಯುಟಿಕ್ಯೂಜಿ ಪದ್ಧತಿಯದು. ಟೆಕ್ಸಸ್‌ನ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, ಒಂದು ಮಾದರಿ ಟೈರಿನ ಜೊತೆ ಸವೆತ ಹೋಲಿಸುತ್ತಾರೆ. ಆದರೆ ಕೊನೆಗೆ ಟೈರಿನ ಮೇಲೆ ಅಚ್ಚಾಗುವ ನಂಬರ್ ತೀರ್ಮಾನಿಸುವುದು ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರುಗಳ ನಡುವೆ ಈ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತದೆ, ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟು ನೆಚ್ಚಬಾರದು. ಇನ್ನೊಂದು ವಿಷಯ, ಅದು ಸವೆತದ ನಂಬರ್. ಹಿಡಿತ ಎಷ್ಟು ಅಂತ ಅದು ಹೇಳುವುದಿಲ್ಲ.

ಹೋಲಿಕೆಯನ್ನು ಒಂದೇ ದಿನ, ಒಂದೇ ಟ್ರ್ಯಾಕಿನಲ್ಲಿ ಮಾಡಿದೆ. ಮೊದಲು 300, ಆಮೇಲೆ 200, ಮತ್ತೆ 300. ಕೊನೆಯ ಆ 300ರ ಸೆಷನ್ ಬಿಟ್ಟರೆ ಇಡೀ ಲೆಕ್ಕ ದಾರಿ ತಪ್ಪುತ್ತದೆ. ಮಧ್ಯಾಹ್ನದ ಹೊತ್ತಿಗೆ ಡ್ರೈವರ್ ಕೈ ಪಳಗಿರುತ್ತದೆ, ಟ್ರ್ಯಾಕಿನ ಮೇಲೆ ರಬ್ಬರ್ ಕೂತಿರುತ್ತದೆ. ಆ ಲಾಭವನ್ನೆಲ್ಲ ಎರಡನೇ ಟೈರಿನ ಖಾತೆಗೆ ಬರೆದುಬಿಡುತ್ತೇವೆ, ಅಲ್ವಾ? ಪೆಟ್ರೋಲ್ ಮಟ್ಟ ಪ್ರತಿ ಸಲ ಒಂದೇ ಇಟ್ಟೆ. ಗಾಳಿ ನೋಡುವ ಗೇಜ್ ಕೂಡ ಒಂದೇ.

ಗಾಳಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅರ್ಧಕ್ಕರ್ಧ ಜನ ಟೈರನ್ನು ಬೈಯುವುದು ಗಾಳಿಯ ತಪ್ಪಿಗೆ. ತಣ್ಣಗಿದ್ದಾಗ 32 ಪಿಎಸ್‌ಐ ಇದ್ದ ಮುಂದಿನ ಎಡ ಟೈರು, ಸೆಷನ್ ಮುಗಿಸಿ ಬಂದ ಕೂಡಲೇ ನೋಡಿದರೆ 40. ಬಲ ತಿರುವುಗಳೇ ಜಾಸ್ತಿ ಇದ್ದ ಟ್ರ್ಯಾಕ್, ಭಾರವೆಲ್ಲ ಎಡಕ್ಕೆ. ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 1 ಪಿಎಸ್‌ಐ ಏರುತ್ತದೆ. ಅಂದರೆ ಒಳಗಿನ ಗಾಳಿ 45 ಡಿಗ್ರಿಯಷ್ಟು ಹೆಚ್ಚು ಕಾದಿದೆ. ಬಿಸಿ ಇರುವಾಗಲೇ 36ಕ್ಕೆ ಇಳಿಸಿದೆ, ಮುಂದಿನ ಸೆಷನ್ನಿನಲ್ಲಿ ಮುಂಭಾಗ ಬೇರೆಯೇ ಕಾರು ಅನ್ನಿಸಿತು. ಇಳಿಸಿದ್ದನ್ನು ಮನೆಗೆ ಹೊರಡುವ ಮುಂಚೆ ತುಂಬಿಸಲೇಬೇಕು. ಟೈರು ತಣ್ಣಗಾದರೆ ಅದೇ 36 ಇಳಿದು 28ಕ್ಕೆ ಬಂದು ನಿಲ್ಲುತ್ತದೆ.

ಎಷ್ಟು ಇಳಿಸಬೇಕು ಅಂತ ನೋಡಲು ಚಾಕ್‌ಪೀಸ್ ಸಾಕು. ಬಹಳಷ್ಟು ಟೈರುಗಳ ಭುಜದ, ಅಂದರೆ ಹೊರ ಅಂಚಿನ, ಹತ್ತಿರ ಒಂದು ಪುಟ್ಟ ತ್ರಿಕೋನ ಗುರುತಿರುತ್ತದೆ. ಅದರ ಮೇಲೆ ಅಡ್ಡಲಾಗಿ ಚಾಕ್ ಎಳೆದು ಓಡಿಸಿ. ತ್ರಿಕೋನದ ತುದಿವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಕೆಳಗಿಳಿದಿದ್ದರೆ ಟೈರು ತಿರುವಿನಲ್ಲಿ ಮಡಚಿಕೊಳ್ಳುತ್ತಿದೆ ಎಂದರ್ಥ. ಗಾಳಿ ಕಡಿಮೆ, ಇಲ್ಲವೇ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಕಾರಿನ ಒಳಕ್ಕೆ ವಾಲುವ ಕೋನ) ಸಾಲದು. ನನ್ನ ಕಾರಿನಲ್ಲಿ ಎರಡನೆಯದೇ ಕಾರಣ. ಸೂಜಿ ಚುಚ್ಚುವ ಥರ್ಮಾಮೀಟರ್ ಇಟ್ಟು ನೋಡಿದರೆ ಹೊರಗಿನ ಅಂಚೇ ಎಲ್ಲಕ್ಕಿಂತ ಬಿಸಿ. ಕ್ಯಾಂಬರ್ ಸರಿಮಾಡಿಸದೆ ದುಬಾರಿ ಟೈರು ಹಾಕಿದರೆ ಸುಮ್ನೆ ದುಬಾರಿ ಅಂಚು ಸವೆಸಿದ ಹಾಗೆ. ನಾನಾದರೆ ಮೊದಲು ಅಲೈನ್‌ಮೆಂಟಿಗೆ ದುಡ್ಡು ಹಾಕುತ್ತೇನೆ.

ಸರಿ, ಓಡಿಸುವಾಗ ಏನಾಯಿತು? 300ರದ್ದು ಮೊದಲ ಲ್ಯಾಪಿನಿಂದಲೇ ತಯಾರು. ಎರಡು, ಮೂರು ಚೆನ್ನಾಗಿ ಹೋಯಿತು. ನಾಲ್ಕರ ಹೊತ್ತಿಗೆ ಕೀರಲು ದನಿ ಇಳಿದು ನರಳುವ ದನಿಯಾಯಿತು, ಸ್ಟೀರಿಂಗ್ ಹಗುರಾಯಿತು, ಕಾರಿನ ಮೂತಿ ತಿರುವಿನ ಹೊರಗೆ ಜಾರತೊಡಗಿತು. ಐದರಲ್ಲಿ ನಿಧಾನಿಸಲೇಬೇಕಾಯಿತು. ಆದರೆ ಜಾರುವ ಮುಂಚೆ ಹೇಳಿ ಜಾರುತ್ತದೆ, ಅದು ಅದರ ದೊಡ್ಡ ಗುಣ. ಒಂದು ಲ್ಯಾಪ್ ಮೆಲ್ಲಗೆ ಓಡಿಸಿ ತಣ್ಣಗಾಗಲು ಬಿಟ್ಟರೆ ಮತ್ತೆ ದಾರಿಗೆ ಬರುತ್ತದೆ.

200ರದ್ದಕ್ಕೆ ಬಿಸಿಯಾಗಲು ಒಂದು ಲ್ಯಾಪ್ ಕೊಡಬೇಕು. ಆಮೇಲೆ ಬ್ರೇಕ್ ಹಿಡಿಯುವ ಜಾಗವೇ ತಿರುವಿನ ಹತ್ತಿರಕ್ಕೆ ಹೋಯಿತು. ಐದನೇ ಲ್ಯಾಪ್ ಎರಡನೆಯದರ ಹಾಗೇ ಇತ್ತು. ಕೈಕೊಡುವಾಗ ಮಾತ್ರ ಸೂಚನೆ ಕಡಿಮೆ, ಸದ್ದೂ ಕಡಿಮೆ. ಹೊಸಬರಿಗೆ ನಾನು ಇದನ್ನು ಹೇಳದಿರುವುದು ಅದಕ್ಕೇ. ಟೈರಿನ ಹಿಡಿತ ಅವರ ತಪ್ಪುಗಳನ್ನು ಮುಚ್ಚಿಹಾಕುತ್ತದೆ, ಕೊನೆಗೆ ಬಿಟ್ಟುಕೊಡುವಾಗ ವೇಗವೂ ಜಾಸ್ತಿ ಇರುತ್ತದೆ. ಬ್ರೇಕ್ ಪ್ಯಾಡು, ಬ್ರೇಕ್ ಆಯಿಲಿನ ಮೇಲೂ ಹೆಚ್ಚು ಹೊರೆ ಬೀಳುತ್ತದೆ.

ರಸ್ತೆಗೆ ಬಂದ ಕೂಡಲೇ ಕಥೆ ತಿರುಗುತ್ತದೆ. 200ರ ಅಂಟು ರಬ್ಬರ್ ಸಣ್ಣ ಕಲ್ಲುಗಳನ್ನೆಲ್ಲ ಎತ್ತಿ ಮಡ್‌ಗಾರ್ಡಿನೊಳಗೆ ಟಪಟಪ ಹೊಡೆಯುತ್ತದೆ. ಸದ್ದು ಜಾಸ್ತಿ. ಒದ್ದೆ ರಸ್ತೆಯಲ್ಲಿ ಪರವಾಗಿಲ್ಲ, ಆದರೆ ನೀರು ನಿಂತ ಕಡೆ ಭಯ: ಗೆರೆಗಳು ಕಡಿಮೆ, ಆಳವೂ ಕಡಿಮೆ, ಟೈರು ನೀರಿನ ಮೇಲೆ ತೇಲಿಬಿಡುತ್ತದೆ. ಬಹಳಷ್ಟು ದೇಶಗಳಲ್ಲಿ ಕಾನೂನು 1.6 ಮಿಲಿಮೀಟರ್ ಆಳದವರೆಗೆ ಒಪ್ಪುತ್ತದೆ. ನಾನು ರಸ್ತೆ ಟೈರನ್ನು 3ಕ್ಕೇ ಬದಲಿಸುತ್ತೇನೆ. ಚಳಿ 7 ಡಿಗ್ರಿಗಿಂತ ಕೆಳಗಿಳಿಯುವ ಜಾಗದಲ್ಲಂತೂ ಎರಡೂ ಬೇಡ, ಬೇಸಿಗೆಯ ರಬ್ಬರ್ ಗಟ್ಟಿಯಾಗುತ್ತದೆ.

ಹೊಸ ಟೈರನ್ನು ನೇರ ಟ್ರ್ಯಾಕಿಗೆ ಒಯ್ಯಬೇಕು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. 300ರದ್ದರಲ್ಲಿ ಬಟನ್ (ಗೆರೆಗಳ ನಡುವಿನ ರಬ್ಬರ್ ಉಬ್ಬು) ಪೂರ್ತಿ ಎತ್ತರ ಇದ್ದರೆ ಬಾಗಿ ಬಾಗಿ ಬಿಸಿಯಾಗುತ್ತದೆ. ಹೊಸ ರಬ್ಬರಿನಿಂದ ಪೆನ್ಸಿಲ್ ಗೆರೆ ಅಳಿಸುವಾಗ ಅದು ಬಾಗುತ್ತದಲ್ಲ, ಹಾಗೆ. ಕೆಲವು ಸಲ ಅಂಚು ತುಂಡಾಗಿ ಹಾರಿಹೋಗುತ್ತದೆ. ಹೊಸದಿರುವಾಗ ರಸ್ತೆಯಲ್ಲಿ, ಮಳೆಯಲ್ಲಿ ಬಳಸಿ, ಅರ್ಧ ಸವೆದ ಮೇಲೆ ಒಣಗಿದ ಟ್ರ್ಯಾಕಿಗೆ ಒಯ್ಯಿರಿ, ಜಾಸ್ತಿ ಹೊತ್ತು ತಾಳುತ್ತದೆ.

ಹಳೆಯ 200ರ ಸೆಟ್ ಅಗ್ಗಕ್ಕೆ ಸಿಗುತ್ತದೆ ಅಂತ ಓಡಬೇಡಿ. ಟೈರಿನ ಪಕ್ಕದಲ್ಲಿ DOT (ಡಾಟ್) ಅಂತ ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಬಟನ್ ಎಷ್ಟೇ ಉಳಿದಿರಲಿ, ಕಾದು ಆರಿ ಕಾದು ಆರಿ ಗಟ್ಟಿಯಾದ ರಬ್ಬರ್ ಮೊದಲಿನ ಹಾಗೆ ಹಿಡಿಯುವುದಿಲ್ಲ.

ಈಗ ನನ್ನ ಹತ್ತಿರ ಎರಡು ಸೆಟ್ ರಿಮ್ ಇವೆ. 300ರಲ್ಲಿ ಹೋಗಿ, 200 ಹಾಕಿ ಓಡಿಸಿ, ಮತ್ತೆ 300ರಲ್ಲಿ ವಾಪಸ್. ಹಿಂದಿನ ಸೀಟು ಮಡಚಿದರೆ ನಾಲ್ಕು ಚಕ್ರ, ಜ್ಯಾಕ್, ಟಾರ್ಕ್ ರೆಂಚ್ ಎಲ್ಲ ಹಿಡಿಸುತ್ತವೆ. ಚಕ್ರ ಬದಲಿಸಿದ ಮೊದಲ ಸೆಷನ್ ಆದ ಮೇಲೆ ನಟ್ ಬಿಗಿ ಇನ್ನೊಮ್ಮೆ ನೋಡಬೇಕು, ರಿಮ್ ತಣ್ಣಗಾದ ನಂತರ. ಇಷ್ಟೆಲ್ಲ ಹೊರುವುದು ಬೇಡ ಅನ್ನುವವರು 300ರಲ್ಲೇ ಇರಲಿ, ಮೂರು ಲ್ಯಾಪ್ ಜೋರು, ಒಂದು ಲ್ಯಾಪ್ ಮೆಲ್ಲಗೆ. ಮುಂದೆ 100ಕ್ಕೆ ಹೋಗ್ತೀಯಾ ಅಂತ ಗೆಳೆಯರು ಕೇಳುತ್ತಾರೆ. ಸದ್ಯಕ್ಕಿಲ್ಲ. ಅದನ್ನು ಸರಿಯಾಗಿ ದುಡಿಸಲು ಸ್ಪ್ರಿಂಗು, ಇನ್ನೂ ಹೆಚ್ಚು ಕ್ಯಾಂಬರ್ ಎಲ್ಲ ಬೇಕಾಗುತ್ತದೆ, ಆಗ ಈ ಕಾರನ್ನು ದಿನಾ ಓಡಿಸಲು ಆಗುವುದಿಲ್ಲ.