ಕಾಲು ಕೆಜಿ ಪ್ಯಾಕೆಟ್ ಕೈಬಿಟ್ಟ ಮೇಲೆ

ಹಾಸನದಲ್ಲಿ ನಮ್ಮದು ಅಪ್ಪನ ಕಾಲದ ಕಾಫಿ ಪುಡಿ ಅಂಗಡಿ. ಬೀಜ ತರುವುದು, ಹುರಿಯುವುದು, ಪುಡಿ ಮಾಡಿ ಮಾರುವುದು, ಇಷ್ಟೇ ವ್ಯಾಪಾರ. ಮನೆಗಳಿಗೆ ಮಾರುತ್ತಿದ್ದ ಕಾಲು ಕೆಜಿ, ಅರ್ಧ ಕೆಜಿ ಪ್ಯಾಕೆಟ್‌ಗಳನ್ನು ಕೆಲವು ವರ್ಷಗಳ ಹಿಂದೆ ಹೆಚ್ಚೂಕಡಿಮೆ ನಿಲ್ಲಿಸಿಬಿಟ್ಟೆ. ಈಗ ನಮ್ಮ ಗಿರಾಕಿಗಳು ಅಂದರೆ ಚನ್ನರಾಯಪಟ್ಟಣದಿಂದ ಸಕಲೇಶಪುರದವರೆಗೆ ಹೆದ್ದಾರಿ ಬದಿಯ ಸಣ್ಣ ಹೋಟೆಲ್‌ಗಳು, ಬೇಕರಿಗಳು, ಕಾಲೇಜು ಕ್ಯಾಂಟೀನ್‌ಗಳು. ಎಲ್ಲಿ ನೋಡಿದರೂ ದೊಡ್ಡ ಬ್ರ್ಯಾಂಡುಗಳೇ ಇರುವಾಗ ನೀವು ಹೇಗೆ ಉಳಿದುಕೊಂಡಿರಿ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಅಂಗಡಿ ನಡೆಸುತ್ತಿದ್ದಾಗ ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಹಾಕುತ್ತಿದ್ದರು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಆಮೇಲೆ ನಾವೇ ತೋಟಕ್ಕೆ ಹೋಗಿ, ಕಣದಲ್ಲಿ ಒಣಗುತ್ತಿರುವ ಬೀಜ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದಾಯಿತು. ಬೇಲೂರು, ಸಕಲೇಶಪುರ ಎರಡೂ ಹತ್ತಿರ. ಇದೇ ನಮ್ಮ ಬಲ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಆದರೆ ಪಕ್ಕದ ರಸ್ತೆಯ ಪುಡಿ ಅಂಗಡಿಯವನಿಗೂ ಬೇಲೂರು ಅಷ್ಟೇ ಹತ್ತಿರ ಅಲ್ವಾ! ಎಲ್ಲರಿಗೂ ಸಿಗುವ ಅನುಕೂಲದಿಂದ ಒಬ್ಬನಿಗೇ ಲಾಭ ಬರುವುದಿಲ್ಲ. ಬೆಲೆ ಇಳಿಸಿ ನೋಡೋಣವೆಂದರೆ ಅದೂ ದಾರಿಯಲ್ಲ. 100 ಕೆಜಿ ಹಸಿ ಬೀಜ ಹುರಿದರೆ ಕೈಗೆ ಬರುವುದು 82ರಿಂದ 85 ಕೆಜಿ. ಉಳಿದದ್ದು ಆವಿ, ಹೊಗೆ, ಹೊಟ್ಟು. ಈ ಲೆಕ್ಕ ದೊಡ್ಡವರಿಗೂ ಒಂದೇ, ನಮಗೂ ಒಂದೇ. ಅವರು ಒಂದು ಪ್ಯಾಕೆಟ್‌ಗೆ ಇನ್ನೊಂದು ಫ್ರೀ ಕೊಟ್ಟು ತಿಂಗಳುಗಟ್ಟಲೆ ತಡೆದುಕೊಳ್ಳಬಲ್ಲರು. ನನ್ನ ಕೈಯಲ್ಲಿ ಅದಾಗುವುದಿಲ್ಲ.

ದಾರಿ ಸಿಕ್ಕಿದ್ದು ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಪುಡಿ ಸರಿಯಿಲ್ಲ ಅಂತ ಅವರು ತಕರಾರು ಮಾಡಿದ್ದರು. ಬೆಳಗಿನ ಐದೂವರೆಗೆ ಹೋಗಿ ನಿಂತುಕೊಂಡೆ. ಭಟ್ಟರು ದೊಡ್ಡ ಸ್ಟೀಲ್ ಫಿಲ್ಟರಿಗೆ ಪುಡಿ ಸುರಿದು, ಕುದಿಯುವ ನೀರು ಹಾಕಿದರು. ಡಿಕಾಕ್ಷನ್ ಇಳಿಯುತ್ತಲೇ ಇಲ್ಲ. ಹನಿ ಹನಿ. ಹೊರಗೆ ಬಸ್ಸು ನಿಂತಿದೆ, ಜನ ಕೌಂಟರಿನಲ್ಲಿ ಟೋಕನ್ ಹಿಡಿದು ನಿಂತಿದ್ದಾರೆ. ಭಟ್ಟರು ಸೌಟಿನಿಂದ ಫಿಲ್ಟರಿನ ಪಕ್ಕಕ್ಕೆ ಎರಡು ಬಾರಿಸಿದರು. ಕಡೆಗೆ ಸಾಕಾಗಿ, ಇಳಿದಷ್ಟಕ್ಕೇ ಬಿಸಿನೀರು ಬೆರೆಸಿ ಕೊಟ್ಟರು. ಕಾಫಿ ತೆಳ್ಳಗಾಯಿತು. ಪುಡಿಗೆ ಕೆಟ್ಟ ಹೆಸರು.

ಪುಡಿ ಚೆನ್ನಾಗಿಯೇ ಇತ್ತು. ಆ ಫಿಲ್ಟರಿನ ತೂತಿಗೆ ಅದು ಜಾಸ್ತಿ ನಯವಾಗಿತ್ತು, ಅಷ್ಟೇ. ಜೊತೆಗೆ ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ. ಚಿಕೋರಿ ನೀರು ಕುಡಿದು ಉಬ್ಬುತ್ತದೆ, ಡಿಕಾಕ್ಷನ್ ಇಳಿಯುವುದನ್ನು ನಿಧಾನ ಮಾಡುತ್ತದೆ. ಮನೆಯಲ್ಲಿ ರಾತ್ರಿ ಹಾಕಿಟ್ಟು ಬೆಳಿಗ್ಗೆ ಕುಡಿಯುವವರಿಗೆ ಇದು ತೊಂದರೆಯೇ ಅಲ್ಲ. ಬಸ್ಸು ನಿಲ್ಲುವ ಹೋಟೆಲಿಗೆ ಇದೇ ದೊಡ್ಡ ತೊಂದರೆ. ಪ್ಯಾಕೆಟ್ ಪುಡಿ ಇಡೀ ರಾಜ್ಯಕ್ಕೆ ಒಂದೇ ಹದದಲ್ಲಿ ಬರುತ್ತದೆ. ಯಾವ ಕಂಪನಿಯೂ ಒಬ್ಬ ಭಟ್ಟರ ಫಿಲ್ಟರಿಗಾಗಿ ಮಿಷನ್ನಿನ ಕಲ್ಲು ಸರಿಸುವುದಿಲ್ಲ. ನಾನು ಸರಿಸಬಲ್ಲೆ.

ಅಲ್ಲಿಂದ ಒಂದು ಪುಸ್ತಕ ಇಟ್ಟೆ. ಒಂದೊಂದು ಹೋಟೆಲಿಗೆ ಒಂದೊಂದು ಪುಟ. ಫಿಲ್ಟರ್ ಎಷ್ಟು ದೊಡ್ಡದು, ಬೋರ್ ನೀರೋ ನಲ್ಲಿ ನೀರೋ, ಎರಡನೇ ಡಿಕಾಕ್ಷನ್ ಇಳಿಸುತ್ತಾರೋ ಇಲ್ಲವೋ, ಹಾಲು ಗಟ್ಟಿಯೋ ತೆಳುವೋ. ಅದಕ್ಕೆ ತಕ್ಕಂತೆ ಪ್ಲಾಂಟೇಶನ್ ಎ (ತೊಳೆದು ಒಣಗಿಸಿದ ಅರೇಬಿಕಾದ ದಪ್ಪ ಬೀಜ) ಎಷ್ಟು, ಪಿಬಿ (ಪೀಬೆರಿ, ಅಂದರೆ ಹಣ್ಣಿಗೊಂದೇ ಇರುವ ಗುಂಡು ಬೀಜ) ಎಷ್ಟು, ರೋಬಸ್ಟಾ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ ರೋಬಸ್ಟಾ) ಎಷ್ಟು, ಚಿಕೋರಿ ಎಷ್ಟು, ಪುಡಿಯ ಹದ ಯಾವುದು. ಸಂಜೆ ಪುಡಿ ಮಾಡಿ ರಾತ್ರಿಯೇ ತಲುಪಿಸುತ್ತೇವೆ. ಆ ಹೋಟೆಲಿನ ಗಿರಾಕಿಯ ನಾಲಿಗೆಗೆ ಆ ರುಚಿ ಒಮ್ಮೆ ಹತ್ತಿಬಿಟ್ಟರೆ ಮಾಲೀಕರು ಪುಡಿ ಬದಲಿಸಲು ಹೆದರುತ್ತಾರೆ. ಕೆಜಿಗೆ ಇಪ್ಪತ್ತು ರೂಪಾಯಿ ಕಮ್ಮಿಗೆ ಕೊಡುತ್ತೇನೆ ಅಂತ ಬಂದವರನ್ನು ಅವರೇ ವಾಪಸ್ ಕಳಿಸಿದ್ದಾರೆ.

ಬೆಲೆಯ ಮಾತನ್ನೂ ಬೇರೆ ರೀತಿ ಆಡಲು ಕಲಿತೆ. ಕೆಜಿ ರೇಟು ಕೇಳಿದರೆ ಕಪ್ಪಿನ ಲೆಕ್ಕ ಹೇಳುತ್ತೇನೆ. ಒಂದು ಕೆಜಿಗೆ 100 ಕಪ್ ಬಂದರೆ, ಕೆಜಿಗೆ 50 ರೂಪಾಯಿ ಜಾಸ್ತಿ ಅಂದರೂ ಕಪ್ಪಿಗೆ ಐವತ್ತು ಪೈಸೆ. ಡಿಕಾಕ್ಷನ್ ಪೂರ್ತಿ ಇಳಿದು ಇನ್ನೊಂದಿಷ್ಟು ಕಪ್ ಜಾಸ್ತಿ ಬಂದರೆ ಆ ಐವತ್ತು ಪೈಸೆಯೂ ಹುಟ್ಟುತ್ತದೆ. ಬಾಯಿಮಾತಿಗೆ ನಂಬಬೇಡಿ, ಒಂದು ವಾರ ಕಪ್ ಎಣಿಸಿ ನೋಡಿ ಅನ್ನುತ್ತೇನೆ.

ಚಿಕೋರಿ ಬಗ್ಗೆ ಒಂದು ಮಾತು. ನನಗೆ ಅದರ ಮೇಲೆ ಸಿಟ್ಟೇನಿಲ್ಲ. ಎಷ್ಟೋ ಜನಕ್ಕೆ ಆ ಕಡು ಬಣ್ಣ, ಆ ಕಹಿಯೇ ಬೇಕು. ಕಾನೂನಿನ ಪ್ರಕಾರ ಶೇ. 49ರವರೆಗೆ ಬೆರೆಸಬಹುದು, ಎಷ್ಟು ಬೆರೆಸಿದ್ದೇವೆಂದು ಹೇಳಬೇಕು. ಬೀಜದ ಬೆಲೆ ಏರಿದಾಗ ಸುಮ್ನೆ ಚಿಕೋರಿ ಏರಿಸಿ ಹಳೇ ರೇಟಿಗೇ ಕೊಡುವುದು ಸುಲಭ. 2024ರಲ್ಲಿ ಪರೀಕ್ಷೆ ಬಂತು. ವಿಯೆಟ್ನಾಂನಲ್ಲಿ ಬರ ಬಿದ್ದು ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಮೇಲೆ ಹೋಯಿತು. ನಮ್ಮ ಬೆಳೆಗಾರರಿಗೆ ಒಳ್ಳೆಯದೇ ಆಯಿತು, ಪುಡಿಯವರಿಗೆ ಬಿಸಿ ಮುಟ್ಟಿತು. ನಾನು ಒಬ್ಬೊಬ್ಬರ ಪುಟ ತೆಗೆದು, ಅವರ ಮುಂದೆಯೇ ಎರಡು ಲೆಕ್ಕ ಬರೆದೆ: ಇದೇ ಬ್ಲೆಂಡ್ ಮುಂದುವರಿಸಿದರೆ ಕಪ್ಪಿಗೆ ಇಷ್ಟು ಏರುತ್ತದೆ, ಚಿಕೋರಿ ಏರಿಸಿದರೆ ಇಷ್ಟಕ್ಕೇ ನಿಲ್ಲುತ್ತದೆ, ಆದರೆ ಡಿಕಾಕ್ಷನ್ ನಿಧಾನ ಆಗುತ್ತದೆ. ಜಾಸ್ತಿ ಜನ ಹಳೇ ಬ್ಲೆಂಡನ್ನೇ ಉಳಿಸಿಕೊಂಡು ಕಾಫಿ ರೇಟು ಏರಿಸಿದರು. ಇಬ್ಬರು ಮೂವರು ಬಿಟ್ಟೂ ಹೋದರು.

ಹೀಗೆ ಮಾಡಲು ಕೆಲವನ್ನು ಬಿಡಲೇಬೇಕಾಯಿತು. ಮಿಷನ್ ಒಂದೇ. ಸಂಜೆ ಹೊತ್ತು ಹೋಟೆಲ್‌ಗಳ ಹದ ಹಿಡಿಯುವಾಗ ಕಾಲು ಕೆಜಿಗೆ ಬಂದವರನ್ನು ಕಾಯಿಸಬೇಕು, ಅವರಿಗೆ ಬೇಜಾರು. ಅಪ್ಪನಿಗೆ ಇದು ಇಷ್ಟವಾಗಲಿಲ್ಲ. ಅಂಗಡಿ ಮುಂದೆ ಜನ ಕಂಡರೇ ಅವರಿಗೆ ಸಮಾಧಾನ. ಹಳೇ ಪರಿಚಯದ ಮನೆಯವರಿಗೆ ಬೆಳಿಗ್ಗೆ ಮಾತ್ರ ಕೊಡುವುದು ಅಂತ ರಾಜಿ ಆಯಿತು. ಆನ್‌ಲೈನ್ ಮಾರಾಟವೂ ಬೇಡ ಅಂದುಕೊಂಡೆ. ಕೊರಿಯರ್‌ನಲ್ಲಿ ಹೋಗುವ ಪುಡಿಗೆ ಯಾರ ಫಿಲ್ಟರ್ ಅಂತ ಗೊತ್ತಿರುವುದಿಲ್ಲ. ಅಲ್ಲಿ ನಾನೂ ಹತ್ತರಲ್ಲಿ ಹನ್ನೊಂದನೆಯವನು. ಉದ್ರಿಯನ್ನೂ ವಾರಕ್ಕೆ ಮಿತಿ ಮಾಡಿದೆ. ಸುಗ್ಗಿಯಲ್ಲಿ ಬೀಜ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಈ ಆಟವೇ ನಡೆಯುವುದಿಲ್ಲ.

ಈಚೆಗೆ ಘಟ್ಟದ ಕೆಳಗಿನ ಹೋಟೆಲಿನವರೊಬ್ಬರು ಪುಡಿ ಕೇಳಿದರು. ಆರ್ಡರ್ ಚೆನ್ನಾಗಿಯೇ ಇತ್ತು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ರಾತ್ರಿ ತಲುಪಿಸುವ ಮಾತು ಉಳಿಯುವುದಿಲ್ಲ. ಸದ್ಯಕ್ಕೆ ಆಗಲ್ಲ ಅಂದೆ. ಅವರೇ ಒಂದು ಸಣ್ಣ ಗ್ರೈಂಡರ್ ಇಟ್ಟುಕೊಂಡರೆ ಹುರಿದ ಬೀಜ ಕಳಿಸಿ, ಹದ ನಾನೇ ಹೋಗಿ ಕೂರಿಸಿ ಬರುತ್ತೇನೆ ಅಂತಲೂ ಹೇಳಿದ್ದೇನೆ. ಯೋಚಿಸುತ್ತಿದ್ದಾರೆ.