ಮೆಡಿಕಲ್ ಮಿಷನ್‌ಗೆ ಹೋದ ನ್ಯೂಟ್ರಿಷನಿಸ್ಟ್‌ಗೆ ಅಲ್ಲೇನು ಕೆಲಸ? – ನನ್ನ ಅನುಭವ

ಡಾಕ್ಟರ್ ಹೋಗ್ತಾರೆ ಸರಿ, ನರ್ಸ್ ಹೋಗ್ತಾರೆ ಸರಿ, ನೀವ್ಯಾಕೆ ಅಷ್ಟು ದೂರ ಹೋಗ್ತೀರ, ಸೊಪ್ಪು ತರಕಾರಿ ತಿನ್ನಿ ಅಂತ ಹೇಳೋಕಾ? ಮೆಡಿಕಲ್ ಮಿಷನ್‌ಗೆ, ಅಂದ್ರೆ ಆಸ್ಪತ್ರೆ ಸೌಲಭ್ಯ ಕಮ್ಮಿ ಇರೋ ದೂರದ ಊರಲ್ಲಿ ಕೆಲವು ದಿನ ಕ್ಯಾಂಪ್ ಮಾಡೋ ಟೀಮಿನ ಜೊತೆ ಹೋಗೋಕೆ, ಟಿಕೆಟ್ ಬುಕ್ ಆದಾಗಿಂದ ಇದನ್ನ ಕೇಳಿ ಕೇಳಿ ಸಾಕಾಗಿತ್ತು. ಸೊಪ್ಪು ತಿನ್ನಿ ಅಂತ ಹೇಳೋಕೇ ಆಗಿದ್ರೆ ನಿಜವಾಗ್ಲೂ ಹೋಗೋ ಅಗತ್ಯ ಇರ್ಲಿಲ್ಲ. ಅಲ್ಲಿ ನನ್ನ ಮುಖ್ಯ ಕೆಲಸ ಬೇರೇನೇ ಆಗಿತ್ತು: ಕ್ಯೂನಲ್ಲಿ ಬಂದ ಮಕ್ಕಳಲ್ಲಿ ಅಪಾಯದಲ್ಲಿರೋರನ್ನ ಹುಡುಕಿ, ನಾವು ವಾಪಸ್ ಬಂದ್ಮೇಲೂ ಅವರನ್ನ ನೋಡ್ಕೊಳ್ಳೋರ ಕೈಗೆ ಒಪ್ಪಿಸೋದು.

ಅದಕ್ಕೇ ಹೊರಡೋಕೆ ಮುಂಚೆ ಆರ್ಗನೈಸರ್‌ಗಳನ್ನ ಒಂದೇ ಪ್ರಶ್ನೆ ಕೇಳಿ ಪೀಡಿಸ್ತಾ ಇದ್ದೆ. ತೀವ್ರ ಅಪೌಷ್ಟಿಕತೆ ಇರೋ ಮಗು ಸಿಕ್ಕಿದ್ರೆ ಎಲ್ಲಿಗೆ ಕಳಿಸೋದು? ಹತ್ತಿರದಲ್ಲಿ ಸರ್ಕಾರದ ಟ್ರೀಟ್‌ಮೆಂಟ್ ಪ್ರೋಗ್ರಾಂ ಎಲ್ಲಿದೆ, ವಾರದಲ್ಲಿ ಯಾವ ದಿನ ನೋಡ್ತಾರೆ, ಸ್ಟಾಕ್ ಇರುತ್ತಾ, ತಾಯಿ ನಡ್ಕೊಂಡು ಹೋಗಿ ಬರೋಷ್ಟು ದೂರಾನಾ? ಇದಕ್ಕೆ ಉತ್ತರ ಇಲ್ದೆ ಮಕ್ಕಳ ತೂಕ ನೋಡ್ಕೊಂಡು ಕೂರೋದು ನನ್ನ ಪ್ರಕಾರ ಬರೀ ಫೋಟೋ ತೆಗೆಸ್ಕೊಳ್ಳೋ ಕಾರ್ಯಕ್ರಮ. ಅಲ್ಲಿ ಪ್ರಾಕ್ಟೀಸ್ ಮಾಡೋಕೆ ಪರ್ಮಿಷನ್ ಬೇಕಾ ಅನ್ನೋದನ್ನೂ ಮೊದ್ಲೇ ಕೇಳ್ಕೊಳ್ಳಿ, ಪೇಪರ್ ಕೆಲಸಕ್ಕೆ ಟೈಮ್ ಹಿಡಿಯುತ್ತೆ.

ಬ್ಯಾಗಲ್ಲಿ ಡಯಟ್ ಚಾರ್ಟ್ ಒಂದೂ ಇಟ್ಕೊಂಡಿರ್ಲಿಲ್ಲ. ಮೊದಲು ತಾಯಿಯನ್ನ ನಿಲ್ಲಿಸಿ ಸೊನ್ನೆಗೆ ತಂದು, ಆಮೇಲೆ ಆಕೆ ಮಗುವನ್ನ ಎತ್ಕೊಂಡ್ರೆ ಮಗುವಿನ ತೂಕ ಮಾತ್ರ ತೋರಿಸೋ ಡಿಜಿಟಲ್ ತೂಕದ ಮೆಷಿನ್, ಎತ್ತರ ಅಳೆಯೋ ಬೋರ್ಡ್, ತೋಳಿನ ಸುತ್ತಳತೆಯ ಮ್ಯುವಾಕ್ ಟೇಪ್, ಇಷ್ಟೇ. ಈ ಟೇಪ್ ನೋಡೋಕೆ ಏನೂ ಅಲ್ಲ, ಕೆಂಪು ಹಳದಿ ಹಸಿರು ಬಣ್ಣದ ಒಂದು ಪಟ್ಟಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ 115 ಮಿಲಿಮೀಟರಿಗಿಂತ ಕಡಿಮೆ ಬಂದ್ರೆ ಕೆಂಪು ಅಂದ್ರೆ ತೀವ್ರ, 125ರ ಒಳಗಿದ್ರೆ ಹಳದಿ, ಮಧ್ಯಮ. ಎಡಗೈಯನ್ನ ಮೊಣಕೈಲಿ ಮಡಚಿಸಿ ಭುಜದ ಮೂಳೆ ತುದಿಯಿಂದ ಮೊಣಕೈ ತುದಿಗೆ ಅಳೆದು ಸರಿಯಾಗಿ ಮಧ್ಯಕ್ಕೆ ಗುರುತು ಹಾಕ್ಬೇಕು, ಆಮೇಲೆ ಕೈ ಸಡಿಲ ಬಿಡಿಸಿ ಟೇಪ್ ಸುತ್ತಬೇಕು, ಚರ್ಮ ಒತ್ತೋ ಹಾಗೂ ಇರ್ಬಾರ್ದು, ಸಂದಿ ಬಿಡೋ ಹಾಗೂ ಇರ್ಬಾರ್ದು. ಅಳೋ ಮಗು ಕೈ ಬಿಗಿ ಹಿಡಿದಿರುತ್ತೆ, ಆಗ ಬರೋ ರೀಡಿಂಗ್ ನಂಬೋ ಹಾಗಿಲ್ಲ, ಅಮ್ಮನ ತೊಡೆ ಮೇಲೆ ಕೂರಿಸಿ ಸ್ವಲ್ಪ ಕಾದ್ರೆ ಆಯ್ತು.

ಟೇಪ್ ಹಿಡಿಯೋಕೆ ಮುಂಚೆ ಪಾದ ನೋಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಒಬ್ಬ ತಾಯಿ ತನ್ನ ಬೆನ್ನು ನೋವಿಗೆ ಅಂತ ಡಾಕ್ಟರ್ ಕ್ಯೂನಲ್ಲಿ ನಿಂತಿದ್ಲು, ಜೊತೆಲಿದ್ದ ಹುಡುಗನ ಕೆನ್ನೆ ಎಷ್ಟು ತುಂಬ್ಕೊಂಡಿತ್ತು ಅಂದ್ರೆ ನಮ್ಮ ಟೀಮಿನವರೇ ಎಷ್ಟು ಗುಂಡಗಿದಾನೆ ಅಂತ ಮುದ್ದು ಮಾಡ್ತಾ ಇದ್ರು. ಆದ್ರೆ ಹುಡುಗ ನಗ್ತಾನೂ ಇಲ್ಲ, ಯಾರನ್ನೂ ನೋಡ್ತಾನೂ ಇಲ್ಲ. ಎರಡೂ ಪಾದದ ಮೇಲೆ ಹೆಬ್ಬೆರಳಿಟ್ಟು ಮೂರು ಸೆಕೆಂಡ್ ಒತ್ತಿ ತೆಗೆದೆ, ಎರಡರಲ್ಲೂ ಗುಳಿ ಹಾಗೇ ನಿಂತಿತ್ತು. ಬಾವು ಅದು, ಮೈ ಅಲ್ಲ. ಹೀಗೆ ಅಪೌಷ್ಟಿಕತೆಯಿಂದ ಎರಡೂ ಪಾದಕ್ಕೆ ನೀರು ತುಂಬಿದ್ರೆ ತೋಳಿನ ಅಳತೆ ಹಸಿರಲ್ಲಿದ್ರೂ ಆ ಮಗು ತೀವ್ರ ಅಪೌಷ್ಟಿಕತೆಯ ಲೆಕ್ಕಕ್ಕೇ ಬರುತ್ತೆ.

ಅಂಥ ಮಗುವಿಗೆ ಮುಂದಿನ ಪರೀಕ್ಷೆ ಹಸಿವಿನದು. ಆರ್‌ಯುಟಿಎಫ್ ಅಂತ ಒಂದಿದೆ, ತೀವ್ರ ಅಪೌಷ್ಟಿಕತೆಗೆ ಕೊಡೋ, ಹಾಗೇ ತಿನ್ನಬಹುದಾದ ಸಿದ್ಧ ಆಹಾರ, 92 ಗ್ರಾಂ ಪ್ಯಾಕೆಟ್‌ನಲ್ಲಿ ಬರುತ್ತೆ, ಕಡಲೆಕಾಯಿ ಪೇಸ್ಟು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಎಲ್ಲ ಸೇರಿ ಸುಮಾರು 500 ಕ್ಯಾಲೊರಿ, ನೀರು ಬೆರೆಸೋ ಗೋಜಿಲ್ಲ, ಅದನ್ನ ಗಲಾಟೆ ಇಲ್ಲದ ಜಾಗದಲ್ಲಿ ಅಮ್ಮನ ಕೈಲೇ ತಿನ್ನಿಸಿ ನೋಡೋದು, ಮಧ್ಯೆ ಮಧ್ಯೆ ಕುಡಿಯೋಕೆ ನೀರು ಕೊಡೋದು. ಚೆನ್ನಾಗಿ ತಿಂದು, ಬಾವು ಮೈಗೆಲ್ಲ ಹರಡಿರದೆ, ಬೇರೆ ಕಾಯಿಲೆ ಏನೂ ಇಲ್ದಿದ್ರೆ ಮನೇಲೇ ಚಿಕಿತ್ಸೆ ಆಗುತ್ತೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2007ರಲ್ಲೇ ಈ ಪದ್ಧತಿಯನ್ನ ಒಪ್ಪಿ ಜಂಟಿ ಹೇಳಿಕೆ ಕೊಟ್ಟಿವೆ. ಬಾಯಿ ತಿರುಗಿಸಿದ್ರೆ ಆಸ್ಪತ್ರೆಗೇ ಹೋಗ್ಬೇಕು. ಈ ಹುಡುಗ ಮುಟ್ಟಲೇ ಇಲ್ಲ, ಅವತ್ತೇ ಗಾಡಿ ಮಾಡಿ ಕಳಿಸಿದ್ವಿ. ಟೀಮಿನಲ್ಲೊಬ್ರು ಪಾಪ ಅಂತ ಬಿಸ್ಕೆಟ್, ಜ್ಯೂಸ್ ತುಂಬ್ಕೊಂಡು ಬಂದ್ರು, ತಡೆದೆ. ತುಂಬಾ ಸೊರಗಿದ ದೇಹಕ್ಕೆ ಒಮ್ಮೆಲೇ ಅಷ್ಟು ಸಕ್ಕರೆ ಬಿದ್ರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕುಸಿದು ಹೃದಯಕ್ಕೇ ಅಪಾಯ. ಅದಕ್ಕೇ ಆಸ್ಪತ್ರೇಲಿ ಮೊದಲು ಎಫ್-75 ಅನ್ನೋ ತೆಳು ಹಾಲನ್ನ ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಆಮೇಲೆ ಗಟ್ಟಿಯದಕ್ಕೆ ಬರೋದು.

ಜಗಳ ಆಗಿದ್ದು ಹಾಲಿನ ಪುಡಿಗೆ. ಯಾರೋ ದಾನಿಗಳು ಬಾಕ್ಸ್‌ಗಟ್ಟಲೆ ಬೇಬಿ ಫಾರ್ಮುಲಾ ಕಳಿಸಿದ್ರು, ಬಂದಿದೆ ಹಂಚಿಬಿಡೋಣ ಅಂತ ಕೆಲವರು. ನಾನು ಬೇಡ ಅಂದೆ. ನೀರು ಕಾಯಿಸೋಕೆ ಸೌದೆ ಇಲ್ಲ, ಬಾಟ್ಲಿ ತೊಳೆಯೋಕೆ ಶುದ್ಧ ನೀರಿಲ್ಲ, ಪುಡಿ ಖಾಲಿ ಆಗ್ತಾ ಬಂದ ಹಾಗೆ ನೀರು ಜಾಸ್ತಿ ಹಾಕ್ತಾರೆ, ಅಷ್ಟ್ರಲ್ಲಿ ಮಗು ಎದೆಹಾಲು ಕುಡಿಯೋದು ಬಿಟ್ಟು ತಾಯಿಗೆ ಹಾಲೂ ಕಡಿಮೆ ಆಗಿರುತ್ತೆ, ನಾವು ಹಂಚಿದ ಡಬ್ಬ ಮುಗಿದ ದಿನ ಆಕೆ ಏನು ಮಾಡ್ಬೇಕು? ಎದೆಹಾಲಿನ ಬದಲಿಗೆ ಕೊಡೋ ಇಂಥ ಆಹಾರಗಳ ಮಾರಾಟ, ಪ್ರಚಾರ, ಪುಕ್ಕಟೆ ಹಂಚಿಕೆಗೆ ಕಡಿವಾಣ ಹಾಕೋಕೇ 1981ರ ಅಂತರರಾಷ್ಟ್ರೀಯ ಕೋಡ್ ಇರೋದು. ಕೊನೆಗೆ ಬಾಕ್ಸ್ ಒಡೀಲಿಲ್ಲ, ಆದ್ರೆ ಎರಡು ದಿನ ಕೆಲವರು ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ, ಇರ್ಲಿ ಬಿಡಿ.

ದೊಡ್ಡವರಲ್ಲಿ ನಿರೀಕ್ಷೆ ಮೀರಿ ಬಿಪಿ ಶುಗರ್ ಇತ್ತು. ಪ್ರತಿಯೊಬ್ಬರಿಗೂ ಸಿಗೋದು ಐದಾರು ನಿಮಿಷ, ಅದ್ರಲ್ಲಿ ಅರ್ಧ ದುಭಾಷಿಗೆ. ಎದುರಿಗೆ ಕೂತ ಹೆಂಗಸು ಎರಡು ನಿಮಿಷ ಕೈ ಬಾಯಿ ತಿರುಗಿಸಿ ಮಾತಾಡಿರ್ತಾಳೆ, ದುಭಾಷಿ ನನ್ನ ಕಡೆ ತಿರುಗಿ ಎಲ್ಲಾ ತಿಂತಾಳಂತೆ ಅಂತ ಮುಗಿಸ್ತಾನೆ. ಆಮೇಲಾಮೇಲೆ ಏನು ತಿಂತೀರ ಅಂತ ಕೇಳೋದನ್ನೇ ಬಿಟ್ಟೆ. ನಿನ್ನೆ ಎದ್ದಾಗಿಂದ ಮಲಗೋವರೆಗೆ ಬಾಯಿಗೆ ಹೋಗಿದ್ದನ್ನ ಒಂದೊಂದಾಗಿ ಕೇಳ್ತಿದ್ದೆ, ಮುಖ ಆಕೆ ಕಡೆಗೇ, ಒಂದು ಸಲಕ್ಕೆ ಒಂದೇ ಪ್ರಶ್ನೆ. ಮನೇಲಿ ಸಾಮಾನು ತರೋರು ಯಾರು ಅನ್ನೋದನ್ನೂ ಕೇಳ್ತಿದ್ದೆ, ಯಾಕಂದ್ರೆ ದುಡ್ಡು ಗಂಡನ ಕೈಲಿದ್ರೆ ಆಕೆಗೆ ಮೊಟ್ಟೆ ತಿನ್ನಿ ಅಂದು ಏನು ಪ್ರಯೋಜನ. ಇಷ್ಟೆಲ್ಲ ಆದ್ಮೇಲೆ ಒಂದೇ ಒಂದು ಬದಲಾವಣೆ ಹೇಳೋದು, ಅದೂ ಅವರ ಮನೇಲಿ ಆಗ್ಲೇ ಇರೋ ಪದಾರ್ಥದಲ್ಲಿ. ಉದಾಹರಣೆಗೆ ಪುಟ್ಟ ಮಗು ಇರೋ ತಾಯಿಗಾದ್ರೆ, ಮಗುವಿನ ನೀರು ಗಂಜಿಗೆ ಒಂದು ಚಮಚ ಎಣ್ಣೆ, ಒಂದಿಷ್ಟು ಬೇಯಿಸಿ ಹಿಸುಕಿದ ಕಾಳು, ಅಷ್ಟೇ.

ಕೊನೇ ದಿನಗಳಲ್ಲಿ ನಾನು ಪೇಷೆಂಟ್ ನೋಡೋದನ್ನ ಕಮ್ಮಿ ಮಾಡಿ ಅಲ್ಲಿನ ಆರೋಗ್ಯ ಕಾರ್ಯಕರ್ತೆಯರ ಜೊತೆ ಕೂತೆ. ತಾಯಂದಿರೇ ತಮ್ಮ ಮಕ್ಕಳ ತೋಳು ಅಳೆಯೋ ಹಾಗೆ ಕಲಿಸಬಹುದು, ಬಣ್ಣ ಗುರುತಿಸಿದ್ರೆ ಸಾಕು, ಓದು ಬರಹ ಬೇಕಿಲ್ಲ. ಉಳಿದ ಟೇಪ್‌ಗಳೆಲ್ಲ ಅಲ್ಲೇ ಕೊಟ್ವಿ, ಕೆಂಪು ಹಳದಿ ಬಂದ ಮಕ್ಕಳ ಹೆಸರು, ಊರು, ಮುಂದಿನ ತಾರೀಕು ಬರೆದ ರಿಜಿಸ್ಟರ್ ಹೆಲ್ತ್ ಸೆಂಟರ್‌ಗೆ ಒಪ್ಪಿಸಿ ಸಹಿ ತಗೊಂಡ್ವಿ. ನೀವು ಹೋಗೋ ಟೀಮಿನ ಪ್ಲಾನಲ್ಲಿ ಈ ಕೆಲಸಕ್ಕೆ ದಿನ ಇಟ್ಟಿಲ್ಲ ಅಂದ್ರೆ ಹೊರಡೋಕೆ ಮುಂಚೇನೇ ಕೇಳಿ ಹಾಕಿಸ್ಕೊಳ್ಳಿ, ಅಲ್ಲಿಗೆ ಹೋದ್ಮೇಲೆ ಕ್ಯೂ ನೋಡಿ ಯಾರೂ ಬಿಡಲ್ಲ.