ಗೆಣಸಿನ ಬಳ್ಳಿಯ ಫೋಟೊ ಹೀಗೆ ತೆಗೆಯಿರಿ

ತೂಣಗೆಣಸು ಅಂದರೆ ಸಿಹಿಗೆಣಸಲ್ಲ, ಮರಕ್ಕೆ ಹಬ್ಬುವ ಬಳ್ಳಿಯ ಬುಡದಲ್ಲಿ ಮಣ್ಣೊಳಗೆ ಬೆಳೆಯುವ ಗೆಡ್ಡೆ. ಅದನ್ನು ಅಗೆದ ದಿನ ಎಲ್ಲರೂ ದೊಡ್ಡ ಗೆಡ್ಡೆಯನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಲು ಖುಷಿಯೇ. ಆದರೆ ಅದನ್ನು ನೋಡಿ ಯಾರೂ ಬೆಳೆ ಕಲಿಯಲಾರರು. ಉತ್ತರ ಕನ್ನಡದ ಜೊಯಿಡಾದಲ್ಲಿ ಕುಣಬಿ ಸಮುದಾಯದ ರೈತರು ಉಳಿಸಿಕೊಂಡು ಬಂದಂಥ ಗೆಡ್ಡೆಗಳು ಬೇರೆಯವರ ಹಿತ್ತಿಲಿಗೂ ಹೋಗಬೇಕು, ಅಲ್ವಾ? ಅದಕ್ಕೆ ನೆಡುವವರ ಕೆಲಸಕ್ಕೆ ಬರುವ ಫೋಟೊ ಬೇಕು.

ಮಳೆಗಾಲದಲ್ಲೇ ಶುರು ಮಾಡಿ. ಗೆಡ್ಡೆ ಅಗೆಯುವ ಹೊತ್ತಿಗೆ ಬಳ್ಳಿ ಒಣಗಿರುತ್ತದೆ. ಮೊದಲು ಇಡೀ ಬಳ್ಳಿ, ಅದು ಹಬ್ಬಿದ ಮರದ ಸಮೇತ ಬರಲಿ. ಆಮೇಲೆ ಕಾಂಡದ ಹತ್ತಿರ ಹೋಗಿ. ಗುರುತು ಜಾಸ್ತಿ ಸಿಗುವುದು ಅಲ್ಲೇ. ತೂಣಗೆಣಸಿನ ಕಾಂಡದ ಉದ್ದಕ್ಕೂ ರೆಕ್ಕೆಯಂಥ ತೆಳು ಅಂಚು ಇರುತ್ತದೆ, ಎಲೆಗಳು ಹೆಚ್ಚಾಗಿ ಎದುರುಬದುರು ಬರುತ್ತವೆ. ಇದೇ ಜಾತಿಯ ಬಳ್ಳಿ ಬಟಾಟೆಯ ಕಾಂಡ ದುಂಡಗೆ, ಎಲೆಗಳು ಒಂದು ಆ ಕಡೆ ಒಂದು ಈ ಕಡೆ, ಬಳ್ಳಿಯಲ್ಲೇ ಗೆಡ್ಡೆ ತೂಗುತ್ತದೆ. ಇನ್ನೊಂದು ಬಗೆ ಮುಳ್ಳುಗೆಣಸು, ಅದರ ಕಾಂಡದಲ್ಲಿ ಮುಳ್ಳು. ಸುತ್ತುವ ದಿಕ್ಕೂ ಮುಖ್ಯ: ತೂಣಗೆಣಸು ಸುತ್ತುವ ಕಡೆಗೆ ಉಳಿದೆರಡು ಸುತ್ತುವುದಿಲ್ಲ, ಅವು ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ಹಾಗಾಗಿ ಸೆಲ್ಫಿ ಕ್ಯಾಮೆರಾ ಬೇಡವೇ ಬೇಡ. ಕೆಲವು ಮೊಬೈಲ್‌ಗಳಲ್ಲಿ ಅದು ಎಡಬಲ ಅದಲುಬದಲು ಮಾಡಿಬಿಡುತ್ತದೆ.

ಬೆಳಗಿನ ಮೆತ್ತಗಿನ ಬೆಳಕು ಸಾಕು. ಫ್ಲ್ಯಾಶ್ ಬೇಡ.

ಡಿಸೆಂಬರ್, ಜನವರಿಯಲ್ಲಿ ಅಗೆದಾಗ ಮಣ್ಣು ಕೊಡವಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಕೊಯ್ದ ತಕ್ಷಣ ಒಳಗಿನದ್ದೂ ಒಂದು ಇರಲಿ. ಕೆಲವು ತಳಿ ಬಿಳಿ, ಕೆಲವು ನೇರಳೆ, ಗಾಳಿಗೆ ಬಿಟ್ಟರೆ ಬಣ್ಣ ಮಂಕಾಗುತ್ತದೆ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನಿಸುವುದು ನೆಡುವ ತುಂಡಿನ ಚಿತ್ರ. ಅದನ್ನು ಯಾರೂ ಹಾಕುವುದೇ ಇಲ್ಲ! ಮೊಳಕೆ ಒಡೆಯುವುದು ಸಿಪ್ಪೆಯ ಕಡೆಯಿಂದ. 200ರಿಂದ 300 ಗ್ರಾಂ ತೂಕದ, ಸಿಪ್ಪೆ ಇರುವ ತುಂಡನ್ನು ಹೇಗೆ ಕತ್ತರಿಸಿದಿರಿ, ಗುಂಡಿಯಲ್ಲಿ ಹೇಗೆ ಇಟ್ಟಿರಿ ಎಂದು ತೋರಿಸಿದರೆ ಮೊದಲ ಸಲ ನೆಡುವವರಿಗೂ ಧೈರ್ಯ ಬರುತ್ತದೆ.

ಬೇರೆಯವರಿಗೆ ಕಳಿಸುವಾಗ ಸುಮ್ನೆ ಫೋಟೊ ಹಾಕಬೇಡಿ. ನಿಮ್ಮ ಕಡೆಯ ಹೆಸರು, ತಾಲ್ಲೂಕು, ನೆಟ್ಟ ತಿಂಗಳು, ಬೆಂದಾಗಿನ ರುಚಿ ಬರೆಯಿರಿ. ಬೀಜದ ಗೆಡ್ಡೆ ಕೊಟ್ಟವರನ್ನು ಕೇಳಿ ಅವರ ಹೆಸರೂ ಹಾಕಿ. ವಾಟ್ಸ್ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಕಾಂಡದ ಅಂಚು, ಮುಳ್ಳು ಮಸುಕಾಗುತ್ತವೆ.

ಇನ್ನೊಂದು ಮಾತನ್ನೂ ಚಿತ್ರದ ಜೊತೆಗೇ ಬರೆಯಿರಿ: ಫೋಟೊ ನೋಡಿ ಕಾಡಿನ ಗೆಡ್ಡೆ ತಿನ್ನಬೇಡಿ. ಬಳ್ಳಿ ಬಟಾಟೆಯ ಕಾಡುತಳಿಗಳಲ್ಲಿ ಕಹಿ, ವಿಷ ಇರುವವೂ ಇವೆ. ಅಡುಗೆ ಮಾಡಿ ಗೊತ್ತಿರುವ ಹಿರಿಯರಿಗೆ ಗೆಡ್ಡೆಯನ್ನೇ ತೋರಿಸಿ, ಕೇಳಿ, ಆಮೇಲೆ ಒಲೆಗೆ ಇಡಿ.